ಹುಡುಗರ ಮ್ಯಾಚ್ ವಿಡಿಯೋ ರಾಶಿ ಬಿದ್ದಿದೆ, ಅದನ್ನಿಟ್ಟುಕೊಂಡು ಮಾಡೋದೇನು?

ಸಂಜೆ_ಗ್ರೌಂಡು (ಮಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮದು 15 ವರ್ಷದೊಳಗಿನ ಹುಡುಗರ ಸಣ್ಣ ಫುಟ್‌ಬಾಲ್ ತಂಡ. ನಾನು ಹಗಲು ಕೆಲಸಕ್ಕೆ ಹೋಗುವವನು, ಸಂಜೆ ಕೋಚಿಂಗ್. ಈ ಸೀಸನ್‌ನಿಂದ ಒಬ್ಬ ಹುಡುಗನ ಅಪ್ಪ ಎಲ್ಲ ಮ್ಯಾಚುಗಳನ್ನೂ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೊಡುತ್ತಿದ್ದಾರೆ. ಪಾಪ, ಬಿಸಿಲಲ್ಲಿ ನಿಂತು ಮಾಡುತ್ತಾರೆ. ಈಗ ನನ್ನ ಹತ್ತಿರ ಬೇಕಾದಷ್ಟು ವಿಡಿಯೋ ಉಂಟು. ಅದರಿಂದ ಹುಡುಗರ ಆಟ ಸುಧಾರಿಸುವುದು ಹೇಗೆ ಅಂತ ಮಾತ್ರ ತಿಳಿಯುತ್ತಿಲ್ಲ.

ಎಲ್ಲರನ್ನೂ ಕೂರಿಸಿ ಇಡೀ ಮ್ಯಾಚ್ ಟೀವಿಯಲ್ಲಿ ಹಾಕಿದೆ. ಹತ್ತು ನಿಮಿಷ ಶಿಸ್ತಾಗಿ ನೋಡಿದರು. ಆಮೇಲೆ ಯಾರು ಜಾರಿ ಬಿದ್ದರು, ಯಾರು ಗಾಳಿಗೆ ಒದ್ದರು ಅಂತ ನಗೋದೇ ಆಯಿತು. ಮೊದಲರ್ಧ ಮುಗಿಯುವಾಗ ಇಬ್ಬರಿಗೆ ನಿದ್ದೆ.

ನಮ್ಮ ದೊಡ್ಡ ತಲೆನೋವು ಕಾರ್ನರ್, ಅಂದರೆ ಗ್ರೌಂಡಿನ ಮೂಲೆಯಿಂದ ಗೋಲಿನ ಮುಂದಕ್ಕೆ ಹಾಕುವ ಕಿಕ್. ಎದುರು ತಂಡಕ್ಕೆ ಕಾರ್ನರ್ ಸಿಕ್ಕಿದರೆ ಸಾಕು, ಅರ್ಧ ಗೋಲು ಬಿದ್ದ ಹಾಗೆ. ಯಾವುದಾದರೂ ಆ್ಯಪ್ ತಗೊಳ್ಳಬೇಕಾ? ಒಳ್ಳೆ ಕ್ಯಾಮೆರಾ ಬೇಕಾ? ದುಡ್ಡು ಜಾಸ್ತಿ ಇಲ್ಲ ಮಾರಾಯ್ರೇ.

ಹಳೇ_ಸ್ಟಾಪರ್ (ಬೆಂಗಳೂರು)

ಕೋಚ್ ಸಾರ್, ಬೇಜಾರು ಮಾಡ್ಕೋಬೇಡಿ. ನಾನು ಗೌತಮಪುರದವನು, ಪೆಲೆ ಪ್ರತಿಮೆ ಇರುವ ಏರಿಯಾ. ನಾವು ಆಡುವಾಗ ವಿಡಿಯೋ ತೆಗೆಯುತ್ತಿದ್ದದ್ದು ಮದುವೆಯಲ್ಲಿ ಮಾತ್ರ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂತು, ಮರುವರ್ಷ ಮತ್ತೆ ಗೆದ್ದಿತು. 1968-69ರಲ್ಲಿ ಮೈಸೂರು ರಾಜ್ಯ ತಂಡ ಸಂತೋಷ್ ಟ್ರೋಫಿ ತಂತು. ಇವರಲ್ಲಿ ಯಾರ ಹತ್ತಿರ ಲ್ಯಾಪ್‌ಟಾಪ್ ಇತ್ತು ಹೇಳಿ?

ಕಾರ್ನರ್‌ನಲ್ಲಿ ಗೋಲು ಬೀಳುತ್ತೆ ಅಂದ್ರೆ ದಿನಾ ಐವತ್ತು ಕಾರ್ನರ್ ಹಾಕಿಸಿ, ಹೆಡ್ ಮಾಡಿಸಿ. ಹುಡುಗರು ಮೊದಲೇ ಮೊಬೈಲಿಗೆ ಅಂಟಿಕೊಂಡಿದ್ದಾರೆ. ಗ್ರೌಂಡಿಗೆ ಬಂದ ಮೇಲೂ ಅದನ್ನೇ ತೋರಿಸ್ತೀರಲ್ಲ.

ಕ್ಲಿಪ್_ಕಟ್ (ವಿಡಿಯೋ ಅನಾಲಿಸ್ಟ್, ಬೆಂಗಳೂರು)

ನನ್ನ ಹೊಟ್ಟೆಪಾಡೇ ಇದು. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಸ್ಟಾಪರ್ ಅಣ್ಣಾ, ಮೊದಲು ಒಂದು ಮಾತು. 15ರೊಳಗಿನ ಹುಡುಗರಿಗೆ ದಿನಾ ಐವತ್ತು ಹೆಡ್ಡರ್ ಖಂಡಿತ ಬೇಡ. ಇಂಗ್ಲೆಂಡಿನಲ್ಲಿ 2020ರಿಂದ ಪ್ರೈಮರಿ ಸ್ಕೂಲ್ ವಯಸ್ಸಿನ ಮಕ್ಕಳಿಗೆ ಟ್ರೈನಿಂಗ್‌ನಲ್ಲಿ ಹೆಡ್ಡಿಂಗೇ ಮಾಡಿಸಬೇಡಿ ಅಂತ ಹೇಳಿದ್ದಾರೆ. ಅದಕ್ಕಿಂತ ದೊಡ್ಡವರಿಗೂ ಅಳತೆ ಮೀರಬಾರದು ಅನ್ನುವುದೇ ಅಲ್ಲಿನ ಸಲಹೆ.

ವಿಡಿಯೋ ಯಾಕೆ ಬೇಕು ಅಂದರೆ, ನಮ್ಮ ನೆನಪನ್ನು ನಂಬುವ ಹಾಗಿಲ್ಲ. 1986ರಲ್ಲಿ ಇಯಾನ್ ಫ್ರ್ಯಾಂಕ್ಸ್ ಮತ್ತು ಗ್ಯಾರಿ ಮಿಲ್ಲರ್ ಅನ್ನುವವರು ಕೋಚ್‌ಗಳಿಗೆ ಅಂತರರಾಷ್ಟ್ರೀಯ ಮ್ಯಾಚಿನ ಒಂದು ಅರ್ಧ ತೋರಿಸಿ, ಆಮೇಲೆ ಏನೇನು ನಡೆಯಿತು ಅಂತ ಕೇಳಿದರು. ಸರಿಯಾಗಿ ಹೇಳಿದ್ದು ಅರ್ಧಕ್ಕಿಂತ ಕಡಿಮೆ. ಗೋಲು ನೆನಪಿರುತ್ತೆ, ರೆಫರಿ ಮೇಲಿನ ಸಿಟ್ಟು ನೆನಪಿರುತ್ತೆ. ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್) ಎಷ್ಟು ಸಲ ಒಳಗೆ ಬಂದು ಜಾಗ ಬಿಟ್ಟುಕೊಟ್ಟ ಅನ್ನೋದು ಯಾರಿಗೂ ನೆನಪಿರಲ್ಲ.

ಈಗ ಸಂಜೆ_ಗ್ರೌಂಡು ಅವರ ಪ್ರಶ್ನೆ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಆ ಅಪ್ಪ ವಿಡಿಯೋ ಹೇಗೆ ತೆಗೆಯುತ್ತಿದ್ದಾರೆ? ನನ್ನ ಊಹೆ: ಟಚ್‌ಲೈನ್ (ಗ್ರೌಂಡಿನ ಬದಿಯ ಗೆರೆ) ಪಕ್ಕ ನೆಲದ ಮೇಲೆ ನಿಂತು, ಬಾಲ್ ಎಲ್ಲಿ ಹೋಗುತ್ತೋ ಅಲ್ಲಿಗೆ ಜೂಮ್ ಮಾಡಿ. ಹೌದಾ? ಹಾಗಿದ್ದರೆ ಎಷ್ಟು ನೋಡಿದರೂ ನಿಮಗೆ ಬೇಕಾದದ್ದು ಅದರಲ್ಲಿ ಸಿಗಲ್ಲ. 90 ನಿಮಿಷದ ಮ್ಯಾಚಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಬಾಲ್ ಇರುವುದು ಒಂದೆರಡು ನಿಮಿಷ, ಹೆಚ್ಚೆಂದರೆ ಮೂರು. ಮಿಕ್ಕ ಹೊತ್ತು ಅವನು ಎಲ್ಲಿ ನಿಂತಿದ್ದ, ಯಾವ ಕಡೆ ನೋಡುತ್ತಿದ್ದ ಅನ್ನೋದೇ ಆಟ. ಅದೆಲ್ಲ ಫ್ರೇಮಿನ ಹೊರಗೆ ಉಳಿದುಬಿಡುತ್ತೆ.

ಮಾಡಬೇಕಾದ್ದು ಇಷ್ಟು. ಮಧ್ಯರೇಖೆಯ ನೇರಕ್ಕೆ, ಸಾಧ್ಯವಾದಷ್ಟು ಎತ್ತರದಲ್ಲಿ ಕ್ಯಾಮೆರಾ ಇಡಿ. ನಾಲ್ಕೈದು ಮೀಟರ್ ಎತ್ತರ ಸಿಕ್ಕಿದರೂ ಬೇರೆ ಮ್ಯಾಚ್ ನೋಡಿದ ಹಾಗಿರುತ್ತೆ, ಯಾಕೆಂದರೆ ಆಟಗಾರರ ನಡುವಿನ ಅಂತರ ಆಗ ಕಾಣುತ್ತೆ. ಸಂಜೆ ಮ್ಯಾಚಾದರೆ ಪಶ್ಚಿಮದ ಕಡೆ ನಿಂತು ತೆಗೆಯಿರಿ, ಬಿಸಿಲು ಬೆನ್ನಿಗೆ ಬೀಳಲಿ. ನೀವು ಮಂಗಳೂರಿನವರು, ಸಮುದ್ರಕ್ಕೆ ಬೆನ್ನು ಹಾಕಿ ನಿಂತರೆ ಆಯ್ತು. ಜೂಮ್ ಬೇಡ. ಎರಡೂ ತಂಡದ ಬ್ಯಾಕ್‌ಲೈನ್ (ಡಿಫೆಂಡರ್‌ಗಳ ಸಾಲು) ಫ್ರೇಮಿನಲ್ಲಿ ಇರುವ ಹಾಗೆ ನಿಧಾನಕ್ಕೆ ತಿರುಗಿಸಿ. ಬಾಲ್ ಒಂದು ಕ್ಷಣ ತಪ್ಪಿಹೋದರೂ ಪರವಾಗಿಲ್ಲ.

ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಕಾಲ್ ಬಂದು ರೆಕಾರ್ಡಿಂಗ್ ನಿಂತುಹೋದ ಮ್ಯಾಚುಗಳ ಕಥೆ ನಮ್ಮ ಫೀಲ್ಡಲ್ಲಿ ಬೇಕಾದಷ್ಟಿದೆ. ವಿಡಿಯೋ ಸೆಟ್ಟಿಂಗ್ 1080, ಸೆಕೆಂಡಿಗೆ 30 ಫ್ರೇಮ್ ಸಾಕು. 4ಕೆ ಹಾಕಿದರೆ ಮೆಮೊರಿ ಬೇಗ ತುಂಬುತ್ತೆ, ಬಿಸಿಲಿಗೆ ಫೋನೂ ಕಾಯುತ್ತೆ.

ಬೆಳಗಾವಿ_ಲೆಫ್ಟ್‌ಬ್ಯಾಕ್

ಲೆಫ್ಟ್ ಬ್ಯಾಕನ್ನೇ ಯಾಕೆ ಹಿಡ್ಕೊಂಡ್ರಿ ಅಣ್ಣಾ 😄

ನಮ್ಮ ಕಾಲೇಜು ಗ್ರೌಂಡಿನಲ್ಲಿ ಗ್ಯಾಲರಿ ಇಲ್ಲ, ಮೆಟ್ಟಿಲೂ ಇಲ್ಲ. ಎತ್ತರ ಎಲ್ಲಿಂದ ತರೋದ್ರಿ? ಇನ್ನೊಂದು, ಫೋನಿನ 0.5 (ವೈಡ್) ಲೆನ್ಸ್ ಹಾಕಿದರೆ ಇಡೀ ಗ್ರೌಂಡು ಒಂದೇ ಫ್ರೇಮಿನಲ್ಲಿ ಬರುತ್ತಲ್ಲ, ತಿರುಗಿಸೋ ಕೆಲಸವೇ ಇಲ್ಲ.

ಕ್ಲಿಪ್_ಕಟ್

0.5ರಲ್ಲಿ ಗ್ರೌಂಡೆಲ್ಲ ಬರುತ್ತೆ, ನಿಜ. ಆದರೆ ಆಚೆ ಬದಿಯ ಆಟಗಾರ ಇರುವೆಯಷ್ಟಾಗುತ್ತಾನೆ, ಜರ್ಸಿ ನಂಬರ್ ಕಾಣಲ್ಲ. ಅಂಚಿನಲ್ಲಿ ಗೆರೆಗಳೂ ಬಾಗುತ್ತವೆ, ಅಲ್ಲಿ ಬ್ಯಾಕ್‌ಲೈನ್ ನೇರ ಇದೆಯೋ ಇಲ್ಲವೋ ಹೇಳೋಕಾಗಲ್ಲ. ತಂಡದ ಶೇಪ್ ಮಾತ್ರ ನೋಡೋದಾದರೆ ಓಕೆ.

ಎತ್ತರಕ್ಕೆ: ಶಾಲೆಯ ಟೆರೇಸು, ವಾಟರ್ ಟ್ಯಾಂಕಿನ ಕಟ್ಟೆ, ನಿಂತಿರುವ ಟೆಂಪೋ ಮೇಲೆ ಟ್ರೈಪಾಡ್. ಪೇಂಟ್ ಅಂಗಡಿಯಲ್ಲಿ ರೋಲರ್‌ಗೆ ಹಾಕುವ ಉದ್ದನೆ ಎಕ್ಸ್‌ಟೆನ್ಷನ್ ಕೋಲು ಸಿಗುತ್ತೆ, ಅದನ್ನು ಫೆನ್ಸಿನ ಕಂಬಕ್ಕೆ ಗಟ್ಟಿಯಾಗಿ ಕಟ್ಟಿ ತುದಿಗೆ ಮೊಬೈಲ್ ಹೋಲ್ಡರ್ ಹಾಕಿಕೊಂಡವರನ್ನೂ ನೋಡಿದ್ದೇನೆ. ಗಾಳಿಗೆ ಅಲ್ಲಾಡುತ್ತೆ, ಆದರೆ ನೆಲದ ಮೇಲಿನ ವಿಡಿಯೋಗಿಂತ ಸಾವಿರ ಪಾಲು ವಾಸಿ. ವಿಯೋ ತರಹದ ತಾನೇ ಆಟವನ್ನು ಹಿಂಬಾಲಿಸುವ ಕ್ಯಾಮೆರಾಗಳೂ ಬಂದಿವೆ. ಒಳ್ಳೆಯವೇ, ಆದರೆ ದುಬಾರಿ, ಮೇಲೆ ಚಂದಾ ಬೇರೆ. ಸಣ್ಣ ತಂಡಕ್ಕೆ ಈಗಲೇ ಬೇಡ.

ಸಂಜೆ_ಗ್ರೌಂಡು

ನಿಮ್ಮ ಊಹೆ ನೂರಕ್ಕೆ ನೂರು ಸರಿ. ಟಚ್‌ಲೈನ್, ಜೂಮ್, ಮೇಲೆ "ಓಡು ಮಗಾ" ಅಂತ ಕಾಮೆಂಟರಿ ಬೇರೆ. ಸರಿ, ಎತ್ತರದಿಂದ ತೆಗೆಸುತ್ತೇನೆ. ಆಮೇಲೆ? ಒಂದು ಗಂಟೆ ವಿಡಿಯೋ ನೋಡಿ ನಾನು ಬರೆದುಕೊಳ್ಳುವುದೇನು?

ಕ್ಲಿಪ್_ಕಟ್

ಇಲ್ಲೇ ಎಲ್ಲರೂ ಎಡವುವುದು. "ಮ್ಯಾಚ್ ಹೇಗಿತ್ತು ನೋಡೋಣ" ಅಂತ ಕೂತರೆ ರಾತ್ರಿ ಕಳೆಯುತ್ತೆ ಅಷ್ಟೇ. ಒಂದು ಪ್ರಶ್ನೆ ಇಟ್ಟುಕೊಂಡು ಕೂರಿ. ನಿಮಗೆ ಪ್ರಶ್ನೆ ರೆಡಿ ಇದೆ: ಕಾರ್ನರ್‌ನಲ್ಲಿ ಗೋಲು ಯಾಕೆ ಬೀಳುತ್ತಿದೆ? ಹಾಗಾದರೆ ಕಾರ್ನರ್ ಬಿಟ್ಟು ಬೇರೇನೂ ನೋಡಬೇಡಿ. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ: ಎಷ್ಟನೇ ನಿಮಿಷ, ಯಾವ ಕಡೆಯಿಂದ, ಬಾಲ್ ಎಲ್ಲಿ ಬಿತ್ತು (ಹತ್ತಿರದ ಗೋಲ್ ಪೋಸ್ಟ್, ನಡುವೆ, ದೂರದ ಪೋಸ್ಟ್), ಮೊದಲು ಮುಟ್ಟಿದ್ದು ಯಾರು, ಅದಾದ ಮೇಲೆ ಬಾಲ್ ಯಾರಿಗೆ ಸಿಕ್ಕಿತು. ಕೊನೆಯದನ್ನು ಬಿಡಲೇಬೇಡಿ.

ನಮ್ಮ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಕಥೆಯನ್ನೇ ತಗೊಳ್ಳಿ. 2018ರ ಮಾರ್ಚ್‌ನಲ್ಲಿ ಕಂಠೀರವದಲ್ಲೇ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ಚೆನ್ನೈಯಿನ್ ತಂಡದ ವಿರುದ್ಧ. ಚೆಟ್ರಿ 9ನೇ ನಿಮಿಷಕ್ಕೆ ಗೋಲು ಹೊಡೆದು ಸ್ಟೇಡಿಯಂ ಕುಣಿಸಿದ್ದರು. ಆಮೇಲೆ ಮೈಲ್ಸನ್ ಆಲ್ವೆಸ್ ಅನ್ನುವ ಡಿಫೆಂಡರ್ ಎರಡು ಹೆಡ್ಡರ್ ಹೊಡೆದ. ಎರಡೂ ಕಾರ್ನರ್‌ನಿಂದ, ಎರಡನ್ನೂ ಹಾಕಿದವನು ಗ್ರೆಗರಿ ನೆಲ್ಸನ್. 3-2ಕ್ಕೆ ಸೋತೆವು. ಅದರ ಮರುವರ್ಷ ಮುಂಬೈಯಲ್ಲಿ ಗೋವಾ ವಿರುದ್ಧದ ಫೈನಲ್ ಗೆದ್ದದ್ದು ಹೇಗೆ? ಎಕ್ಸ್‌ಟ್ರಾ ಟೈಮಿನ ಕೊನೆಯಲ್ಲಿ ಡಿಮಾಸ್ ಹಾಕಿದ ಕಾರ್ನರ್, ರಾಹುಲ್ ಭೇಕೆ ಹೆಡ್ಡರ್. ಒಂದು ಕಪ್ ಕಾರ್ನರ್‌ನಲ್ಲೇ ಹೋಯಿತು, ಇನ್ನೊಂದು ಕಾರ್ನರ್‌ನಲ್ಲೇ ಬಂತು.

ದೊಡ್ಡ ಮಟ್ಟದಲ್ಲಿ ಅನಾಲಿಸ್ಟ್‌ಗಳು ಸೆಟ್‌ಪೀಸ್ (ಕಾರ್ನರ್, ಫ್ರೀ ಕಿಕ್ ಥರ ನಿಂತ ಬಾಲಿನಿಂದ ಶುರುವಾಗುವ ಆಟ) ಮೇಲೆ ಇಷ್ಟು ಸಮಯ ಹಾಕುವುದು ಇದಕ್ಕೇ. 2018ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಹೊಡೆದ 12 ಗೋಲುಗಳಲ್ಲಿ 9 ಸೆಟ್‌ಪೀಸ್‌ನಿಂದ, ಪೆನಾಲ್ಟಿ ಸೇರಿ. ಓಪನ್ ಪ್ಲೇ, ಅಂದರೆ ನಿಲ್ಲದೆ ನಡೆಯುವ ಆಟ, ಕ್ಷಣಕ್ಕೊಂದು ಥರ ಇರುತ್ತೆ. ಸೆಟ್‌ಪೀಸ್ ಹಾಗಲ್ಲ, ಬಾಲ್ ನಿಂತಿರುತ್ತೆ, ಎಲ್ಲರೂ ಅದದೇ ಜಾಗಕ್ಕೆ ಬರುತ್ತಾರೆ. ವಿಡಿಯೋ ನೋಡಿ ಕಲಿಯೋಕೆ ಇದಕ್ಕಿಂತ ಸುಲಭದ ಭಾಗ ಇಲ್ಲ.

ಬೆಳಗಾವಿ_ಲೆಫ್ಟ್‌ಬ್ಯಾಕ್

ಬಾಲ್ ನಿಂತಾಗಲೇ ಎಲ್ಲರೂ ಮೈಮರೆಯೋದು. 2019ರಲ್ಲಿ ಲಿವರ್‌ಪೂಲ್ ಬಾರ್ಸಾಗೆ (ಬಾರ್ಸಿಲೋನಾ) ಹಾಕಿದ ನಾಲ್ಕನೇ ಗೋಲು ನೆನಪಿದೆಯಾ? 79ನೇ ನಿಮಿಷ, ಅಲೆಕ್ಸಾಂಡರ್-ಆರ್ನಾಲ್ಡ್ ಹೊರಟವನ ಹಾಗೆ ಮಾಡಿ ತಿರುಗಿ ಕಾರ್ನರ್ ಹಾಕಿಬಿಟ್ಟ, ಒರಿಗಿ ಗೋಲು. ಬಾರ್ಸಾದವರು ಇನ್ನೂ ಬೆನ್ನು ತಿರುಗಿಸಿ ನಿಂತಿದ್ದರು. ಆಟ ನಿಂತಾಗ ಬಾರ್ಸಾದವರ ಗಮನ ಹೋಗುತ್ತೆ ಅಂತ ಲಿವರ್‌ಪೂಲ್ ಅನಾಲಿಸ್ಟ್‌ಗಳು ವಿಡಿಯೋದಲ್ಲಿ ಮೊದಲೇ ಕಂಡುಕೊಂಡಿದ್ದರಂತೆ. ಬಾಲ್‌ಬಾಯ್‌ಗಳಿಗೂ ಬಾಲ್ ಬೇಗ ಕೊಡಿ ಅಂತ ಹೇಳಿಟ್ಟಿದ್ದರು.

ಹಳೇ_ಸ್ಟಾಪರ್

ಅದಕ್ಕೆ ವಿಡಿಯೋ ಬೇಕಾ ತಮ್ಮಾ? 2023ರ ಮಾರ್ಚ್ 3, ಕಂಠೀರವ, ಕೇರಳ ಬ್ಲಾಸ್ಟರ್ಸ್ ವಿರುದ್ಧ ಬಿಎಫ್‌ಸಿ ಮ್ಯಾಚ್. 96ನೇ ನಿಮಿಷ, ಫ್ರೀ ಕಿಕ್. ಕೀಪರ್ ಇನ್ನೂ ಗೋಡೆ ನಿಲ್ಲಿಸ್ತಾ ಇದ್ದ, ಚೆಟ್ರಿ ಸುಮ್ನೆ ಬಾಲ್ ಎತ್ತಿ ಗೋಲಿಗೆ ಹಾಕಿದ. ಕೇರಳದವರು ಸಿಟ್ಟಾಗಿ ಗ್ರೌಂಡ್ ಬಿಟ್ಟೇ ಹೋದರು. ಚೆಟ್ರಿ ಆಗ ಯಾವ ಕ್ಲಿಪ್ ನೋಡಿಕೊಂಡು ಬಂದಿದ್ದ? ಕಣ್ಣು ತೆರೆದಿಟ್ಟಿದ್ದ, ಅಷ್ಟೇ.

ನಾನು ಹೇಳೋದೂ ಅದನ್ನೇ. ನಮ್ಮ ಗುರುಗಳು ಗೆರೆ ಹೊರಗೆ ನಿಂತು ಒಂದೇ ಮಾತು ಕೂಗುತ್ತಿದ್ದರು, "ಹಿಂದೆ ನೋಡೋ!" ಬಾಲ್ ಬರೋ ಮುಂಚೆ ಹಿಂದೆ ನೋಡಿಕೊಂಡವನು ಆಟಗಾರ. ಅದು ನಿಮ್ಮ ಟೆರೇಸ್ ವಿಡಿಯೋದಲ್ಲಿ ಕಾಣುತ್ತಾ?

ಕ್ಲಿಪ್_ಕಟ್

ಒಳ್ಳೆ ಪ್ರಶ್ನೆ. ಟೆರೇಸ್ ವಿಡಿಯೋದಲ್ಲಿ ಕಾಣಲ್ಲ.

ಆದರೆ ನಿಮ್ಮ ಗುರುಗಳು ಕೂಗುತ್ತಿದ್ದ ಮಾತನ್ನೇ ಒಬ್ಬರು ವಿಡಿಯೋ ಇಟ್ಟುಕೊಂಡು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ನಾರ್ವೆಯ ಗೇರ್ ಯೋರ್ಡೆಟ್. ಮಿಡ್‌ಫೀಲ್ಡರ್‌ಗಳನ್ನು ಹತ್ತಿರದಿಂದ ತೋರಿಸುವ ವಿಡಿಯೋ ಹಾಕಿಕೊಂಡು, ಬಾಲ್ ಸಿಗುವ ಮುಂಚಿನ ಸೆಕೆಂಡುಗಳಲ್ಲಿ ತಲೆ ಎಷ್ಟು ಸಲ ತಿರುಗಿಸುತ್ತಾರೆ ಅಂತ ಎಣಿಸಿದರು. ಜಾಸ್ತಿ ನೋಡಿಕೊಂಡವರ ಪಾಸ್ ಜಾಸ್ತಿ ಸರಿಹೋಗುತ್ತಿತ್ತು. ಶಾವಿ, ಲ್ಯಾಂಪಾರ್ಡ್ ಇಬ್ಬರೂ ಆ ಪಟ್ಟಿಯಲ್ಲಿ ಮೇಲೆ ಇದ್ದವರು.

ಇದನ್ನು ನಮ್ಮ ಮಟ್ಟದಲ್ಲೂ ಮಾಡಬಹುದು. ಎರಡನೇ ಫೋನ್ ಬೇಕು, ಅಷ್ಟೇ. ಒಬ್ಬ ಹುಡುಗನನ್ನು ಆರಿಸಿಕೊಂಡು, ಬಾಲ್ ಎಲ್ಲೇ ಹೋಗಲಿ, ಹತ್ತು ನಿಮಿಷ ಅವನನ್ನು ಮಾತ್ರ ತೆಗೆಯಿರಿ. ತಲೆಯಿಂದ ಕಾಲಿನ ತನಕ ಫ್ರೇಮಿನಲ್ಲಿರಲಿ. ಆಮೇಲೆ ಅವನ ಜೊತೆ ಕೂತು, ಬಾಲ್ ಬಂದ ಪ್ರತಿ ಸಲ ಅದಕ್ಕಿಂತ ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ. "ನೀನೇ ಎಣಿಸು" ಅನ್ನಿ. ಹೆಚ್ಚಿನ ಹುಡುಗರು ಮೊದಲ ಸಲ ಎಣಿಸಿದಾಗ ಸಿಗುವುದು ಸೊನ್ನೆ ಅಥವಾ ಒಂದು. ಬಾಲನ್ನೇ ನೋಡ್ತಾ ನಿಂತಿರುತ್ತಾನೆ, ಬಾಲ್ ಬರುತ್ತೆ, ತಿರುಗುತ್ತಾನೆ, ಹಿಂದೆ ಡಿಫೆಂಡರ್ ನಿಂತಿರುತ್ತಾನೆ. ಕೋಚ್ ಸೀಸನ್ ಪೂರ್ತಿ ಕೂಗಿದರೂ "ನೋಡ್ತೀನಲ್ಲ ಸಾರ್" ಅನ್ನುವ ಹುಡುಗ, ಸ್ವಂತ ಕಣ್ಣಲ್ಲಿ ನೋಡಿದ ಮೇಲೆ ವಾದ ಮಾಡಲ್ಲ.

ಹಳೇ_ಸ್ಟಾಪರ್

ಇದು ಒಪ್ಪುವ ಮಾತು. ಆದರೆ ಅತಿಯಾಗಬಾರದು. ಬಿಯೆಲ್ಸಾ ಅಂತ ಒಬ್ಬರಿದ್ದಾರಲ್ಲ, ಲೀಡ್ಸ್ ಕೋಚ್ ಆಗಿದ್ದವರು. 2019ರಲ್ಲಿ ಡರ್ಬಿ ತಂಡದ ಪ್ರಾಕ್ಟೀಸ್ ನೋಡೋಕೆ ಆಳು ಕಳಿಸಿ ಸಿಕ್ಕಿಬಿದ್ದರು. ಪ್ರೆಸ್‌ನವರನ್ನು ಕೂರಿಸಿ, ಡರ್ಬಿಯ ಹಿಂದಿನ ಸೀಸನ್ನಿನ 51 ಮ್ಯಾಚನ್ನೂ ನೋಡಿದ್ದೇವೆ, ಒಂದೊಂದಕ್ಕೂ ನಾಲ್ಕು ಗಂಟೆ ಕೆಲಸ ಅಂತ ಹೇಳಿದರು. ಲೀಡ್ಸ್‌ಗೆ ಎರಡು ಲಕ್ಷ ಪೌಂಡ್ ದಂಡ. ಅದೇ ವರ್ಷ ಮೇ ತಿಂಗಳಲ್ಲಿ ಪ್ಲೇಆಫ್ ಸೆಮಿಫೈನಲ್, ಎದುರಿಗೆ ಅದೇ ಡರ್ಬಿ. ಗೆದ್ದದ್ದು ಯಾರು? ಡರ್ಬಿ! 😂

ಕ್ಲಿಪ್_ಕಟ್

ಅಣ್ಣಾ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ 😂 ಬಿಯೆಲ್ಸಾ ಅವರೇ ಅಂದಿದ್ದರು, ಇಷ್ಟೆಲ್ಲ ಮಾಡಿದರೆ ಗೆಲ್ಲುತ್ತೇವೆ ಅಂತಲ್ಲ, ಮಾಡದಿದ್ದರೆ ತನಗೆ ಸಮಾಧಾನ ಇರಲ್ಲ ಅಂತ.

ಕೊಲೋನ್_ಕನ್ನಡಿಗ (ಜರ್ಮನಿ)

ಊರಿಂದ ದೂರ ಇದ್ದರೂ ಈ ಚರ್ಚೆ ಓದಿ ಕೈ ಸುಮ್ನಿರಲಿಲ್ಲ. ನಾವಿರುವ ಊರಲ್ಲೇ ಜರ್ಮನಿಯ ದೊಡ್ಡ ಕ್ರೀಡಾ ವಿಶ್ವವಿದ್ಯಾಲಯ ಇದೆ. 2014ರ ವಿಶ್ವಕಪ್‌ಗೆ ಮುಂಚೆ ಎದುರಾಳಿ ತಂಡಗಳ ವಿಡಿಯೋ ನೋಡಿ ಜರ್ಮನ್ ತಂಡಕ್ಕೆ ವರದಿ ಮಾಡಿಕೊಟ್ಟವರಲ್ಲಿ ಇಲ್ಲಿನ ವಿದ್ಯಾರ್ಥಿಗಳ ಗುಂಪೂ ಇತ್ತು. ಆ ವರ್ಷ ಕಪ್ ಯಾರಿಗೆ ಹೋಯಿತು ಅನ್ನೋದು ನಿಮಗೆಲ್ಲ ಗೊತ್ತು.

ನನಗೆ ಇಷ್ಟದ ಕಥೆ ಮಾತ್ರ 2006ರದ್ದು. ಬರ್ಲಿನ್, ಜೂನ್ 30, ಅರ್ಜೆಂಟೀನಾ ವಿರುದ್ಧ ಕ್ವಾರ್ಟರ್ ಫೈನಲ್, ಪೆನಾಲ್ಟಿ ಶೂಟೌಟ್. ಜರ್ಮನಿಯ ಕೀಪರ್ ಯೆನ್ಸ್ ಲೇಮನ್ ಪ್ರತಿ ಕಿಕ್ಕಿಗೆ ಮುಂಚೆ ಕಾಲುಚೀಲದಿಂದ ಒಂದು ಚೀಟಿ ತೆಗೆದು ಓದುತ್ತಿದ್ದ. ಹೋಟೆಲಿನ ಕಾಗದದ ಮೇಲೆ ಪೆನ್ಸಿಲಲ್ಲಿ ಬರೆದದ್ದು, ಅರ್ಜೆಂಟೀನಾದ ಯಾವ ಆಟಗಾರ ಯಾವ ಕಡೆ ಒದೆಯುತ್ತಾನೆ ಅಂತ. ಪಟ್ಟಿಯಲ್ಲಿ ಏಳು ಹೆಸರು. ಅವರಲ್ಲಿ ನಿಜವಾಗಿ ಒದೆಯಲು ಬಂದವರು ಇಬ್ಬರೇ, ಅಯಾಲಾ ಮತ್ತು ಮ್ಯಾಕ್ಸಿ ರಾಡ್ರಿಗಸ್! ಅಯಾಲಾ ಕಿಕ್ ಹಿಡಿದ. ಕೊನೆಗೆ ಬಂದ ಕಾಂಬಿಯಾಸೊ ಹೆಸರು ಚೀಟಿಯಲ್ಲಿ ಇರಲೇ ಇಲ್ಲ. ಆದರೂ ಲೇಮನ್ ಚೀಟಿ ತೆಗೆದು ಗಂಭೀರವಾಗಿ ಓದಿದ, ಮಡಚಿ ಇಟ್ಟ, ಆ ಕಿಕ್ಕನ್ನೂ ತಡೆದ. ಆ ಚೀಟಿ ಈಗ ಬಾನ್ ನಗರದ ಮ್ಯೂಸಿಯಂ ಪಾಲಾಗಿದೆ.

ಇಲ್ಲಿ ನನ್ನ ಮಗ ಆಡುವ ಕ್ಲಬ್ಬಿನಲ್ಲಿ ವಿಡಿಯೋ ತೆಗೆಯುವ ಮುಂಚೆ ಎಲ್ಲ ಪೋಷಕರ ಸಹಿ ತಗೊಳ್ಳುತ್ತಾರೆ. ಅಲ್ಲಿ ಹೇಗೆ?

ಕೀಪರ್_ಅಮ್ಮ (ಮೈಸೂರು)

ಸಹಿಯಾ? ನನ್ನ ಕಥೆ ಕೇಳಿ. ಮಗಳು ಹುಡುಗಿಯರ ತಂಡದಲ್ಲಿ ಗೋಲ್‌ಕೀಪರ್. ಒಂದು ಮ್ಯಾಚಲ್ಲಿ ಬಾಲ್ ಕೈಯಿಂದ ಜಾರಿ ಗೋಲಾಯಿತು. ಯಾರೋ ಪೋಷಕರು ಆ ಹತ್ತು ಸೆಕೆಂಡ್ ಕಟ್ ಮಾಡಿ, ನಗುವ ಹಾಡು ಸೇರಿಸಿ ಗ್ರೂಪಿಗೆ ಹಾಕಿದರು. ಮ್ಯಾಚ್ ಸೋತದ್ದಕ್ಕೆ ಅಳದವಳು ಅದನ್ನು ನೋಡಿ ಅತ್ತಳು. ಒಂದು ವಾರ ಗ್ರೌಂಡಿಗೇ ಹೋಗಲ್ಲ ಅಂದಳು. ಸುಧಾರಿಸೋಕೆ ವಿಡಿಯೋ ಅಂತೀರಲ್ಲ, ನಮಗೆ ಆದದ್ದು ಇದು.

ಅದು ಸಾಲದು ಅಂತ ಒಬ್ಬ ಏಜೆಂಟ್ ಫೋನ್ ಮಾಡಿ, ಹೈಲೈಟ್ಸ್ ವಿಡಿಯೋ ಮಾಡಿಸಿದರೆ ದೊಡ್ಡ ಕ್ಲಬ್ಬಿಗೆ ಕಳಿಸುತ್ತೇನೆ ಅಂತ ದುಡ್ಡು ಕೇಳಿದ. ಕೊಡಲಿಲ್ಲ. ಕೊಡಬೇಕಿತ್ತಾ?

ಕ್ಲಿಪ್_ಕಟ್

ಅಮ್ಮಾ, ಕೊಡದೇ ಇದ್ದದ್ದು ಒಳ್ಳೇದಾಯ್ತು. ಹೈಲೈಟ್ಸ್ ನೀವೇ ಮನೆಯಲ್ಲಿ ಮಾಡಬಹುದು. ಮೂರ್ನಾಲ್ಕು ನಿಮಿಷ ಸಾಕು, ಒಳ್ಳೆಯದು ಮೊದಲು ಬರಲಿ, ಪ್ರತಿ ಕ್ಲಿಪ್ಪಿನ ಶುರುವಿನಲ್ಲಿ ಮಗಳ ಸುತ್ತ ಒಂದು ವೃತ್ತ ಹಾಕಿ, ಹಾಡು ಬೇಡ. ಕೀಪರ್ ಆದ್ದರಿಂದ ಹಾರಿ ಹಿಡಿದದ್ದು ಮಾತ್ರ ಹಾಕಬೇಡಿ. ಕ್ರಾಸ್‌ಗೆ ಹೊರಬಂದದ್ದು, ಕಾಲಲ್ಲಿ ಪಾಸ್ ಕೊಟ್ಟದ್ದು, ಡಿಫೆಂಡರ್‌ಗಳನ್ನು ಕೂಗಿ ಸರಿಯಾಗಿ ನಿಲ್ಲಿಸಿದ್ದು, ಇವನ್ನೂ ಸೇರಿಸಿ. ಜೊತೆಗೆ ಒಂದು ಪೂರ್ತಿ ಅರ್ಧದ ವಿಡಿಯೋ, ಕಟ್ ಮಾಡದೆ. ಅನುಭವ ಇರುವ ಸ್ಕೌಟ್‌ಗಳು (ಕ್ಲಬ್ಬಿಗೆ ಆಟಗಾರರನ್ನು ಹುಡುಕುವವರು) ಹೈಲೈಟ್ಸ್‌ಗಿಂತ ಅದನ್ನೇ ಜಾಸ್ತಿ ನಂಬುತ್ತಾರೆ, ಯಾಕೆಂದರೆ ಅದರಲ್ಲಿ ತಪ್ಪುಗಳೂ ಇರುತ್ತವೆ.

ಗ್ರೂಪಿನ ವಿಷಯಕ್ಕೆ ನನಗೂ ಸಿಟ್ಟು ಬಂತು. ನಾನು ಕೆಲಸ ಮಾಡುವ ಕಡೆಯೆಲ್ಲ ಹಾಕುವ ಷರತ್ತು ಇದು: ಮ್ಯಾಚ್ ವಿಡಿಯೋ ಕೋಚ್ ಹತ್ತಿರ ಮಾತ್ರ ಇರಬೇಕು, ಪೋಷಕರ ಗ್ರೂಪಿಗೆ ಹೋಗಬಾರದು. ಒಬ್ಬರ ತಪ್ಪಿನ ಕ್ಲಿಪ್ಪನ್ನು ಎಲ್ಲರ ಮುಂದೆ ಹಾಕಬಾರದು, ಅವರನ್ನು ಪಕ್ಕಕ್ಕೆ ಕರೆದು ತೋರಿಸಬೇಕು. ಎಲ್ಲರಿಗೂ ತೋರಿಸುವುದು ತಂಡದ ವಿಷಯ ಮಾತ್ರ. 18ರೊಳಗಿನ ಮಕ್ಕಳ ವಿಡಿಯೋ ತೆಗೆಯುವ ಮುಂಚೆ ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಎದುರು ತಂಡದ ಕೋಚ್‌ಗೂ ಒಂದು ಮಾತು ಹೇಳಿ, ಅವರ ಮಕ್ಕಳೂ ಅದರಲ್ಲಿ ಇರುತ್ತಾರಲ್ಲ.

ಬೆಳಗಾವಿ_ಲೆಫ್ಟ್‌ಬ್ಯಾಕ್

ಒಂದು ಡೌಟು. ನಾವು ಕಾಲೇಜು ತಂಡದ ಗೋಲುಗಳನ್ನೆಲ್ಲ ನೋಡಿ ಪಾಸ್ ಎಣಿಸಿದೆವು. ಬಹಳ ಗೋಲು ಮೂರು ಪಾಸಿನೊಳಗೇ ಬಂದಿವೆ. ಹಾಗಾದರೆ ಸುಮ್ನೆ ಪಾಸ್ ಮಾಡ್ತಾ ಕೂರೋದು ದಂಡ, ಉದ್ದ ಬಾಲ್ ಹೊಡೆಯೋಣ ಅಂತ ಕೋಚ್ ಅಂತಿದ್ದಾರೆ. ಲೆಕ್ಕ ಸರೀನೇ ಇದೆಯಲ್ರಿ?

ಕ್ಲಿಪ್_ಕಟ್

ಲೆಕ್ಕ ಸರಿ ಇದೆ. ಅದರಿಂದ ತೆಗೆದ ತೀರ್ಮಾನ ತಪ್ಪು. ಇದೇ ಮಾತಿಗೆ ಇಂಗ್ಲೆಂಡಿನ ಫುಟ್‌ಬಾಲ್ ವರ್ಷಗಟ್ಟಲೆ ಕಿತ್ತಾಡಿದೆ.

ಚಾರ್ಲ್ಸ್ ರೀಪ್ ಅಂತ ವಾಯುಪಡೆಯ ಅಧಿಕಾರಿ. 1950ರ ಮಾರ್ಚ್‌ನಲ್ಲಿ ಸ್ವಿಂಡನ್ ಟೌನ್ ಮ್ಯಾಚ್ ನೋಡುತ್ತಾ ಇದ್ದಾಗ ತಲೆಕೆಟ್ಟು ನೋಟ್‌ಬುಕ್ ತೆಗೆದು ಪ್ರತಿ ಅಟ್ಯಾಕನ್ನೂ ಗುರುತು ಹಾಕಿಕೊಳ್ಳಲು ಶುರು ಮಾಡಿದರು. ವಿಡಿಯೋ ಇಲ್ಲ, ಪೆನ್ಸಿಲ್ ಮಾತ್ರ. ಮುಂದೆ ಸಾವಿರಾರು ಮ್ಯಾಚ್ ಬರೆದಿಟ್ಟರು. ಹೆಚ್ಚಿನ ಗೋಲು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸಿನಿಂದ ಬರುತ್ತೆ, ಆದ್ದರಿಂದ ಬಾಲನ್ನು ಬೇಗ ಮುಂದಕ್ಕೆ ಹೊಡೆಯಿರಿ ಅಂದರು. ಅವರು ಗಮನಿಸದ್ದು ಏನೆಂದರೆ, ಫುಟ್‌ಬಾಲ್‌ನಲ್ಲಿ ಬಾಲ್ ಕೈತಪ್ಪುವುದೇ ಹೆಚ್ಚಾಗಿ ಮೂರು ಪಾಸಿನೊಳಗೆ. ಚಿಕ್ಕ ಮೂವ್‌ಗಳೇ ರಾಶಿ ಇದ್ದಾಗ ಗೋಲೂ ಅವುಗಳಿಂದಲೇ ಜಾಸ್ತಿ ಬಂದಿರುತ್ತೆ. ನೀವು ಎಣಿಸಬೇಕಾದ್ದು ಗೋಲುಗಳನ್ನು ಮಾತ್ರ ಅಲ್ಲ. ಗೋಲಾಗದೆ ಹೋದ ಚಿಕ್ಕ ಮೂವ್‌ಗಳನ್ನೂ ಎಣಿಸಿ. ಆಮೇಲೆ, ಐದಾರು ಪಾಸ್ ಆದ ಮೂವ್‌ಗಳಲ್ಲಿ ನೂರಕ್ಕೆ ಎಷ್ಟು ಗೋಲಾಯಿತು, ಒಂದೆರಡು ಪಾಸಿನದರಲ್ಲಿ ನೂರಕ್ಕೆ ಎಷ್ಟು ಅಂತ ಹೋಲಿಸಿ. ನಿಮ್ಮ ಕೋಚ್ ಸಾರ್‌ಗೆ ಮೆಲ್ಲಗೆ ಹೇಳಿ. ಜೋರಾಗಿ ಹೇಳಿದರೆ ಬೆಂಚೇ ಗತಿ.

ಸೀಟಿ_ಸಾರ್ (ರೆಫರಿ, ಹುಬ್ಬಳ್ಳಿ)

ರೆಫರಿಗಳ ಪರವಾಗಿ ಒಂದು ವಿನಂತಿ. ಮೊಬೈಲ್ ವಿಡಿಯೋ ತಂದು "ಇದು ಆಫ್‌ಸೈಡ್ ಅಲ್ಲ ನೋಡಿ" ಅಂತ ಮುಖಕ್ಕೆ ಹಿಡಿಯಬೇಡಿ. ಗಂಟೆಗೆ 90 ಕಿಲೋಮೀಟರ್ ವೇಗದ ಬಾಲ್ ಅಂದರೆ ಸೆಕೆಂಡಿಗೆ 25 ಮೀಟರ್. 30 ಫ್ರೇಮಿನ ವಿಡಿಯೋದಲ್ಲಿ ಎರಡು ಫ್ರೇಮ್ ನಡುವೆ ಬಾಲ್ 80 ಸೆಂಟಿಮೀಟರ್‌ಗಿಂತ ಜಾಸ್ತಿ ಹೋಗಿರುತ್ತೆ. ಆಫ್‌ಸೈಡ್ ನೋಡಬೇಕಾದ್ದು ಪಾಸ್ ಹೊಡೆದ ಕ್ಷಣದಲ್ಲಿ, ಆ ಕ್ಷಣವೇ ನಿಮ್ಮ ವಿಡಿಯೋದಲ್ಲಿ ಇರಲ್ಲ. ಮೇಲೆ ಕ್ಯಾಮೆರಾ ಗೆರೆಗೆ ನೇರ ಇರುವುದಿಲ್ಲ. 2022ರಲ್ಲಿ ಕತಾರ್ ವಿಶ್ವಕಪ್‌ನಲ್ಲಿ ಆಫ್‌ಸೈಡ್ ನೋಡೋಕೆ ಛಾವಣಿಗೆ 12 ಕ್ಯಾಮೆರಾ ಹಾಕಿ, ಬಾಲ್ ಒಳಗೆ ಸೆಕೆಂಡಿಗೆ 500 ಸಲ ಸಿಗ್ನಲ್ ಕಳಿಸುವ ಸೆನ್ಸರ್ ಇಟ್ಟಿದ್ದರು. ನಿಮ್ಮ ಹತ್ತಿರ ಇರೋದು ಪೇಂಟ್ ಕೋಲು.

ಕ್ಲಿಪ್_ಕಟ್

ಸಾರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಶೂಟಿಂಗ್, ಫ್ರೀ ಕಿಕ್ ತಂತ್ರ ನೋಡೋದಾದರೂ ಇದೇ ತೊಂದರೆ. ಕಾಲು ಬಾಲಿಗೆ ತಗಲುವ ಗಳಿಗೆ ಬೇಕಾದರೆ ಸ್ಲೋ ಮೋಷನ್‌ನಲ್ಲಿ, 120 ಅಥವಾ 240 ಫ್ರೇಮಿಗೆ ಹಾಕಿ ಪಕ್ಕದಿಂದ ನೇರವಾಗಿ ತೆಗೆಯಿರಿ. ಕಿನೋವಿಯಾ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ವಿಂಡೋಸ್‌ನಲ್ಲಿ ನಡೆಯುತ್ತೆ. ನಿಧಾನಕ್ಕೆ ಓಡಿಸಬಹುದು, ಗೆರೆ ಎಳೆಯಬಹುದು, ಕೋನ ಅಳೆಯಬಹುದು. ಊರಿದ ಕಾಲು ಬಾಲಿನ ಪಕ್ಕಕ್ಕಿದೆಯಾ, ಹಿಂದೆ ಉಳಿದಿದೆಯಾ, ಮೈ ಹಿಂದಕ್ಕೆ ವಾಲಿದೆಯಾ, ಇಷ್ಟು ನೋಡಿದರೂ ಬಾಲ್ ಯಾಕೆ ಕ್ರಾಸ್‌ಬಾರ್ ಮೇಲೆ ಹೋಗುತ್ತೆ ಅನ್ನೋದು ಗೊತ್ತಾಗುತ್ತೆ. ಕ್ಯಾಮೆರಾ ಓರೆ ಇದ್ದರೆ ಮಾತ್ರ ಕೋನದ ಅಳತೆ ನಂಬಬೇಡಿ.

ಸಂಜೆ_ಗ್ರೌಂಡು

ಎಲ್ಲರಿಗೂ ಥ್ಯಾಂಕ್ಸ್. ಶಾಲೆಯ ಟೆರೇಸಿನ ಕೀ ಕೇಳಿ ತಗೊಂಡೆ, ಆ ಅಪ್ಪನನ್ನು ಮೇಲೆ ಹತ್ತಿಸಿದೆ. ಪೋಷಕರ ಒಪ್ಪಿಗೆಯೂ ಬರೆಸಿಕೊಂಡೆ. ಕೆಲವು ಮ್ಯಾಚುಗಳ ಕಾರ್ನರ್ ಮಾತ್ರ ನೋಡಿ ಬರೆದೆ.

ಮಾರಾಯ್ರೇ, ನಾನು ಮಾರ್ಕಿಂಗ್ ಸರಿ ಇಲ್ಲ ಅಂತಲೇ ಹುಡುಗರಿಗೆ ಬೈಯುತ್ತಿದ್ದದ್ದು. ಮೊದಲ ಹೆಡ್ಡರ್ ಹೆಚ್ಚಾಗಿ ನಮ್ಮವರೇ ಗೆಲ್ಲುತ್ತಿದ್ದಾರೆ! ಬಾಲ್ ಹೊರಗೆ ಬಂದು ಪೆನಾಲ್ಟಿ ಬಾಕ್ಸಿನ ಅಂಚಿಗೆ ಬೀಳುತ್ತದೆ, ಅಲ್ಲಿ ನಮ್ಮವರು ಯಾರೂ ಇಲ್ಲ. ಒಂದು ಕ್ಲಿಪ್ಪಿನಲ್ಲಂತೂ ಎದುರು ತಂಡದ ನೀಲಿ ಜರ್ಸಿಯ ಹುಡುಗ ಕಾರ್ನರ್ ಹಾಕುವ ಮೊದಲೇ ಆ ಅಂಚಿನಲ್ಲಿ ಸೊಂಟಕ್ಕೆ ಕೈ ಕೊಟ್ಟು ಒಬ್ಬನೇ ನಿಂತಿದ್ದಾನೆ. ನಮ್ಮ ಹತ್ತೂ ಜನ ಆರು ಗಜದ ಬಾಕ್ಸಿನೊಳಗೆ. ಬಾಲ್ ಬಂತು, ನಮ್ಮ ಸ್ಟಾಪರ್ (ನಡುವಿನ ಡಿಫೆಂಡರ್) ಚೆಂದ ಹೆಡ್ ಮಾಡಿದ, ನೇರ ಅವನ ಕಾಲಿಗೆ. ಅವನಿಗೆ ಬಾಲ್ ನಿಲ್ಲಿಸಿ ನೋಡಿ ಹೊಡೆಯುವಷ್ಟು ಸಮಯ. ಟಚ್‌ಲೈನಿನ ಹಳೇ ವಿಡಿಯೋದಲ್ಲಿ ಈ ಹುಡುಗ ಫ್ರೇಮಿನಲ್ಲೇ ಇರಲಿಲ್ಲ.

ಇದನ್ನು ಹುಡುಗರಿಗೆ ತೋರಿಸುವುದು ಹೇಗೆ? ಹಾಫ್ ಟೈಮಿನಲ್ಲೂ ತೋರಿಸಬಹುದಾ?

ಕ್ಲಿಪ್_ಕಟ್

ಸಿಕ್ಕಿತಲ್ಲ! ಅಂಥ ನಾಲ್ಕೈದು ಕ್ಲಿಪ್ ಮಾತ್ರ ಆರಿಸಿ. ಒಂದೊಂದೂ ಕಾರ್ನರ್ ಹಾಕುವ ಹತ್ತು ಸೆಕೆಂಡ್ ಮುಂಚಿನಿಂದ ಶುರುವಾಗಲಿ, ನೀಲಿ ಜರ್ಸಿಯವನು ಬಂದು ನಿಲ್ಲುವುದು ಕಾಣಬೇಕು. ಕಾರ್ನರ್ ಹಾಕುವ ಮುಂಚೆ ವಿಡಿಯೋ ನಿಲ್ಲಿಸಿ, "ಇಲ್ಲಿ ಏನು ಕಾಣಿಸ್ತಿದೆ?" ಅಂತ ಕೇಳಿ. ನೀವು ಹೇಳಬೇಡಿ. ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ, ಆಮೇಲೆ ಒಬ್ಬ ಹೇಳೇ ಹೇಳುತ್ತಾನೆ. ಸರಿಯಾಗಿ ಮಾಡಿದ ಒಂದು ಕಾರ್ನರ್ ಕ್ಲಿಪ್ಪನ್ನೂ ಸೇರಿಸಿ. ಎಲ್ಲಾ ಸೇರಿ ಹದಿನೈದು ನಿಮಿಷ ಮೀರಬಾರದು. ಸೋತ ರಾತ್ರಿ ತೋರಿಸಬೇಡಿ, ಯಾರ ಕಿವಿಗೂ ಹೋಗಲ್ಲ.

ಮುಖ್ಯ ಕೆಲಸ ಇರೋದು ಆಮೇಲೆ. ಅದೇ ಸಂಜೆ ಗ್ರೌಂಡಿಗೆ ಇಳಿಸಿ. ಒಬ್ಬ ಕಾರ್ನರ್ ಹಾಕಲಿ, ನೀವು ಇನ್ನೊಂದು ಬಾಲ್ ಹಿಡಿದು ನಿಂತು, ಮೊದಲನೆಯದು ಕ್ಲಿಯರ್ ಆದ ಕೂಡಲೇ ಬಾಕ್ಸಿನ ಅಂಚಿಗೆ ಎಸೆಯಿರಿ. ಅಂಚಿನಲ್ಲಿ ಒಬ್ಬ ಕಾಯಲಿ, ಮಿಕ್ಕವರು ಒಟ್ಟಿಗೆ ಹೊರಗೆ ಓಡಿಬರಲಿ. ಎರಡನೇ ಬಾಲಿಗೆ ಹೆಡ್ಡರೂ ಬೇಡ, ಸ್ಟಾಪರ್ ಅಣ್ಣ ಗಮನಿಸಿ. ಕ್ಲಿಪ್ ತೋರಿಸಿ ಮನೆಗೆ ಕಳಿಸಿದರೆ ಅದು ಬರೀ ಸಿನಿಮಾ.

ಹಾಫ್ ಟೈಮಿಗೆ ಬೇಡ. ವಿಶ್ವಕಪ್‌ನಲ್ಲಿ 2018ರಿಂದ ಟ್ಯಾಬ್ಲೆಟ್ ಕೊಡುತ್ತಿದ್ದಾರೆ ನಿಜ, ಅವರಿಗೆ ಮೇಲೆ ಕೂತು ಕ್ಲಿಪ್ ಕಟ್ ಮಾಡುವವರೇ ಬೇರೆ ಇದ್ದಾರೆ. ನಿಮ್ಮ ಹುಡುಗರಿಗೆ ಆ ಹತ್ತು ನಿಮಿಷದಲ್ಲಿ ನೀರು, ನೆರಳು, ನಿಮ್ಮ ಎರಡು ಮಾತು ಸಾಕು. ಟೆರೇಸಿನಲ್ಲಿರುವ ಅಪ್ಪನಿಗೆ ಹೇಳಿಡಿ, ನೀಲಿ ಜರ್ಸಿ ಥರದವನು ಕಂಡರೆ ಕೆಳಗೆ ಬಂದು ನಿಮ್ಮ ಕಿವಿಯಲ್ಲಿ ಹೇಳಲಿ.

ಹಳೇ_ಸ್ಟಾಪರ್

ಬಾಕ್ಸ್ ಅಂಚಿಗೆ ನಿಲ್ಲಿಸುವವನು ಗಿಡ್ಡ ಹುಡುಗ ಆದ್ರೂ ನಡೆಯುತ್ತೆ, ಆದ್ರೆ ಬೇಗ ಓಡುವವನಾಗಿರಬೇಕು. ಬಾಲ್ ಸಿಕ್ಕಿದ ತಕ್ಷಣ ಮುಂದಕ್ಕೆ ಹೊಡೆಯೋದಲ್ಲ, ಬದಿಗೆ ತಗೊಂಡು ಹೋಗಲಿ. ಕೌಂಟರ್ ಅಲ್ಲಿಂದಲೇ ಶುರು. ಇದನ್ನ ವಿಡಿಯೋ ನೋಡಿ ಹೇಳ್ತಿಲ್ಲ ಮತ್ತೆ.

ಸಂಜೆ_ಗ್ರೌಂಡು

ಸರಿ ಅಣ್ಣಾ, ನಮ್ಮ ಏಳನೇ ನಂಬರಿನವನು ಇದ್ದಾನೆ, ಗಿಡ್ಡ, ಗಾಳಿಯ ಹಾಗೆ ಓಡುತ್ತಾನೆ. ಅವನನ್ನೇ ನಿಲ್ಲಿಸುತ್ತೇನೆ. ಕ್ಲಿಪ್_ಕಟ್ ಅವರೇ, ಇನ್ನೊಂದು: ಫೋನ್ ಮೆಮೊರಿ ತುಂಬಿದೆ. ಹಳೇ ಮ್ಯಾಚೆಲ್ಲ ಇಟ್ಟುಕೊಳ್ಳಬೇಕಾ?

ಕ್ಲಿಪ್_ಕಟ್

ಟಚ್‌ಲೈನಿನಿಂದ ತೆಗೆದವನ್ನು ಅಳಿಸಿಬಿಡಿ. ಟೆರೇಸಿನವುಗಳಲ್ಲಿ ಕ್ಲಿಪ್ ಕಟ್ ಮಾಡಿ ಇಟ್ಟುಕೊಂಡು, ಪೂರ್ತಿ ಮ್ಯಾಚನ್ನು ಒಂದು ಹಾರ್ಡ್ ಡಿಸ್ಕಿಗೆ ಹಾಕಿ. ಫೈಲ್ ಹೆಸರಿನಲ್ಲಿ ತಾರೀಖು, ಎದುರು ತಂಡ, ಯಾವ ಅರ್ಧ, ಇಷ್ಟು ಬರೆಯಿರಿ. ಅದೇ ತಂಡ ಮುಂದಿನ ಸುತ್ತಿನಲ್ಲಿ ಮತ್ತೆ ಸಿಗುತ್ತೆ, ಆಗ ಹುಡುಕೋಕೆ ಸುಲಭ.